ಸಿನಿಮಾ ಕಲಿಸುವ ಕಾಲೇಜುಗಳು: ಹೆಸರಘಟ್ಟದಿಂದ ಪುಣೆಯವರೆಗೆ ಒಂದು ವಿಮರ್ಶೆ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಫಿಲ್ಮ್ ಮೇಕಿಂಗ್, ವಿಶುವಲ್ ಕಮ್ಯುನಿಕೇಶನ್, ಡಿಜಿಟಲ್ ಫೋಟೊಗ್ರಫಿ ಎಂಬ ಹೆಸರಿನ ಕೋರ್ಸ್‌ಗಳ ಜಾಹೀರಾತುಗಳು ಪತ್ರಿಕೆಗಳಲ್ಲೂ ಬಸ್ಸುಗಳ ಬೆನ್ನ ಮೇಲೂ ಕಾಣಿಸಿಕೊಳ್ಳುತ್ತವೆ. ಎಂಜಿನಿಯರಿಂಗ್ ಕಾಲೇಜನ್ನು ಆರಿಸುವವರಿಗೆ ಸಿಇಟಿ ರ‍್ಯಾಂಕು, ಕಟಾಫ್, ಹಿಂದಿನ ವರ್ಷದ ಕ್ಯಾಂಪಸ್ ನೇಮಕಾತಿ ಎಂದು ಹೋಲಿಸಿ ನೋಡಲು ಹಲವು ಅಳತೆಗೋಲುಗಳಿವೆ. ಸಿನಿಮಾ ಕಲಿಸುವ ಕಾಲೇಜಿನ ವಿಷಯದಲ್ಲಿ ಅಂಥದ್ದೇನೂ ಇಲ್ಲದಿರುವುದರಿಂದ ತಂದೆತಾಯಿಯರು ಕಟ್ಟಡವನ್ನು ನೋಡಿ, ಸ್ಟುಡಿಯೊದಲ್ಲಿ ನಿಲ್ಲಿಸಿದ ಕ್ಯಾಮೆರಾವನ್ನು ನೋಡಿ, ವಾರ್ಷಿಕೋತ್ಸವಕ್ಕೆ ಬಂದ ನಟನ ಫೋಟೊ ನೋಡಿ ಶುಲ್ಕ ಕಟ್ಟಿಬಿಡುತ್ತಾರೆ. ಸಂಕಲನದ ಕೆಲಸದಲ್ಲಿರುವ ನಾನು, ಬೇರೆ ಬೇರೆ ಕಾಲೇಜುಗಳಲ್ಲಿ ಓದಿ ಸಹಾಯಕರಾಗಿ ಬರುವವರ ಕೆಲಸವನ್ನು ನೋಡುತ್ತ, ಅವರು ಕಲಿತ ಸಂಸ್ಥೆಗಳ ಪಠ್ಯಕ್ರಮಗಳನ್ನು ಓದುತ್ತ ಬಂದಿದ್ದೇನೆ. ಅದರಿಂದ ಮೂಡಿದ ಅಭಿಪ್ರಾಯಗಳು ಇಲ್ಲಿವೆ. ದೇಶದ ಎಲ್ಲ ಸಂಸ್ಥೆಗಳ ಪಟ್ಟಿ ಕೊಡುವ ಉದ್ದೇಶ ನನಗಿಲ್ಲ. ಕರ್ನಾಟಕದ ವಿದ್ಯಾರ್ಥಿಯೊಬ್ಬರು ನಿಜಕ್ಕೂ ಅರ್ಜಿ ಹಾಕಲು ಯೋಚಿಸಬಹುದಾದ ಕೆಲವನ್ನಷ್ಟೇ ತೆಗೆದುಕೊಂಡಿದ್ದೇನೆ.

ನಾನು ಬಳಸುವ ಅಳತೆ ಒಂದೇ. ಕೋರ್ಸಿನ ಅವಧಿಯಲ್ಲಿ ಒಬ್ಬ ವಿದ್ಯಾರ್ಥಿಯ ಕೈಯಿಂದ ಎಷ್ಟು ಅಭ್ಯಾಸ ಚಿತ್ರಗಳು, ಅಥವಾ ಎಷ್ಟು ಛಾಯಾಚಿತ್ರ ಸರಣಿಗಳು, ಕೊನೆಯವರೆಗೆ ಮುಗಿದು ಹೊರಬರುತ್ತವೆ, ಮತ್ತು ಹಾಗೆ ಮುಗಿದದ್ದನ್ನು ಯಾರು ಕೂತು ನೋಡಿ ಲೋಪ ತೋರಿಸುತ್ತಾರೆ? ಮುಗಿಯುವುದೆಂದರೆ ಬರೆದು, ಚಿತ್ರೀಕರಿಸಿ, ಸಂಕಲಿಸಿ, ಧ್ವನಿ ಮಿಶ್ರಣ ಮಾಡಿ, ಪರದೆಯ ಮೇಲೆ ಅಪರಿಚಿತರ ಎದುರು ತೋರಿಸುವುದು. ಎದುರುಬದುರು ಕೂತ ಇಬ್ಬರು ಮಾತಾಡುವ ದೃಶ್ಯದಲ್ಲಿ ಕ್ಯಾಮೆರಾ ಅವರಿಬ್ಬರ ನಡುವಿನ ಅದೃಶ್ಯ ಗೆರೆಯನ್ನು ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುತ್ತದೆ ಎಂಬ ನಿಯಮ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ತಾನೇ ತೆಗೆದ ಎರಡು ಶಾಟ್‌ಗಳು ಎಡಿಟಿಂಗ್ ಟೇಬಲ್ಲಿನ ಮೇಲೆ ಒಂದಕ್ಕೊಂದು ಅಂಟದೆ ಹೋದಾಗ ಮಾತ್ರ ಅದು ಮೈಗೂಡುತ್ತದೆ. ಆದ್ದರಿಂದ ಪ್ರಾಸ್ಪೆಕ್ಟಸ್‌ನಲ್ಲಿ ಕ್ಯಾಮೆರಾಗಳ ಹೆಸರು ಅರ್ಧ ಪುಟ ತುಂಬಿದ್ದು, ಅಭ್ಯಾಸಗಳ ವಿವರಕ್ಕೆ ಎರಡು ಸಾಲು ಮಾತ್ರ ಸಿಕ್ಕಿದ್ದರೆ ನಾನು ಅಲ್ಲಿಗೇ ಅನುಮಾನ ಪಡುತ್ತೇನೆ.

ಸಲಕರಣೆ ಮುಖ್ಯವಲ್ಲವೇ ಎಂದು ಕೇಳುವವರಿದ್ದಾರೆ. ಮುಖ್ಯವೇ; ಆದರೆ ಅದಕ್ಕೆ ಆಯುಷ್ಯ ಕಡಿಮೆ. ಕೊಡಾಕ್ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿದ ಹೊತ್ತಿಗೆ ಫಿಲ್ಮ್ ರೀಲಿನ ಸುತ್ತ ಕಟ್ಟಿದ್ದ ಎಷ್ಟೋ ಪ್ರಯೋಗಾಲಯಗಳು ಉಪಯೋಗ ಕಳೆದುಕೊಳ್ಳುತ್ತಿದ್ದವು. ಇಂದು ವೃತ್ತಿಪರರು ಬಣ್ಣ ತಿದ್ದಲು ಬಳಸುವ ಡಾವಿಂಚಿ ರಿಸಾಲ್ವ್‌ನ ಒಂದು ಆವೃತ್ತಿ ಉಚಿತವಾಗಿಯೇ ಸಿಗುತ್ತದೆ. ಒಂದು ಸಾಫ್ಟ್‌ವೇರ್ ಕಲಿಸುತ್ತೇವೆ ಎಂಬ ಕಾರಣಕ್ಕೆ ಲಕ್ಷಗಟ್ಟಲೆ ಶುಲ್ಕ ಕೇಳುವ ಕೋರ್ಸಿಗೆ ಈಗ ಅರ್ಥವಿಲ್ಲ. ಯಾವ ಶಾಟ್ ಎಲ್ಲಿ ಮುಗಿಯಬೇಕು ಎಂಬ ತೀರ್ಮಾನವನ್ನು ಹೇಳಿಕೊಡುವವರು ಅಲ್ಲಿದ್ದಾರೆಯೇ ಎಂಬುದಕ್ಕೆ ಮಾತ್ರ ಹಣ ಕೊಡಬಹುದು.

ಮೊದಲು ನಮ್ಮ ರಾಜ್ಯ ಸರ್ಕಾರದ್ದೇ ಆದ ಸಂಸ್ಥೆಯನ್ನು ನೋಡೋಣ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಪುಣೆಯ ಪ್ರಸಿದ್ಧ ಸಂಸ್ಥೆ ಹುಟ್ಟುವುದಕ್ಕೆ ಒಂದೂವರೆ ದಶಕ ಮೊದಲೇ, ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರದಿದ್ದ ಕಾಲದಲ್ಲಿ, ಇಲ್ಲಿ ಸಿನಿಮಾ ಛಾಯಾಗ್ರಹಣವನ್ನು ಒಂದು ತಾಂತ್ರಿಕ ವಿದ್ಯೆಯೆಂದು ಕಲಿಸಲಾಗುತ್ತಿತ್ತು. ಮೈಸೂರಿನ ವಿ.ಕೆ. ಮೂರ್ತಿ 1946ರಲ್ಲಿ ಇಲ್ಲಿಂದ ಡಿಪ್ಲೊಮಾ ಪಡೆದು ಮುಂಬೈಗೆ ಹೋದವರು; ಗುರುದತ್ ಅವರ ಕಪ್ಪುಬಿಳುಪು ಚಿತ್ರಗಳ ಬೆಳಕು ಅವರದು, ಮತ್ತು 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದದ್ದು ಆ ಕೆಲಸಕ್ಕಾಗಿಯೇ. ಗೋವಿಂದ ನಿಹಲಾನಿ 1962ರಲ್ಲಿ ಇಲ್ಲಿಯೇ ಛಾಯಾಗ್ರಹಣ ಮುಗಿಸಿ ಅನಂತರ ನಿರ್ದೇಶಕರಾದರು. ಇಷ್ಟು ದೊಡ್ಡ ಪರಂಪರೆ ಇರುವ ಸಂಸ್ಥೆಯ ಹೆಸರನ್ನು ಬೆಂಗಳೂರಿನ ಎಷ್ಟೋ ಪಿಯು ವಿದ್ಯಾರ್ಥಿಗಳು ಕೇಳಿಯೇ ಇರುವುದಿಲ್ಲ ಎಂಬುದು ನನಗೆ ಪ್ರತಿ ವರ್ಷವೂ ಬೇಸರ ತರುವ ಸಂಗತಿ.

ಹೆಸರಘಟ್ಟದ ಶಿಕ್ಷಣ ಇಂದಿಗೂ ಛಾಯಾಗ್ರಹಣ ಮತ್ತು ಧ್ವನಿಗ್ರಹಣ ಎಂಬ ಎರಡು ಕಂಬಗಳ ಮೇಲೆ ನಿಂತಿರುವ ಮೂರು ವರ್ಷಗಳ ಡಿಪ್ಲೊಮಾ. ಸರ್ಕಾರಿ ತಾಂತ್ರಿಕ ಶಿಕ್ಷಣದ ಶುಲ್ಕವಾದ್ದರಿಂದ ಖರ್ಚು ಕಡಿಮೆ. ಸಾಲ ಮಾಡದೆ ಓದಬಹುದಾದ ಅಪರೂಪದ ಆಯ್ಕೆ ಇದು. ಪಾಲಿಟೆಕ್ನಿಕ್ ಪರಂಪರೆಯಿಂದ ಬಂದದ್ದರಿಂದ ಲೆನ್ಸು, ಬೆಳಕು, ವಿದ್ಯುತ್ತು, ಮೈಕ್ರೋಫೋನು ಇವೆಲ್ಲ ಹೇಗೆ ಕೆಲಸ ಮಾಡುತ್ತವೆ ಎಂಬ ಬುನಾದಿ ಗಟ್ಟಿಯಾಗುತ್ತದೆ. ಇಲ್ಲಿ ಧ್ವನಿಗ್ರಹಣ ಓದಿದವರಿಗೆ ಚಾನೆಲ್‌ಗಳಲ್ಲಿ, ಡಬ್ಬಿಂಗ್ ಸ್ಟುಡಿಯೊಗಳಲ್ಲಿ ಜಾಗವಿದೆ, ಏಕೆಂದರೆ ನಿರ್ದೇಶಕರಾಗಬೇಕೆನ್ನುವ ನೂರು ಜನ ಸಿಗುವ ಊರಿನಲ್ಲಿ ಮೈಕ್ ಎಲ್ಲಿ ಹಿಡಿಯಬೇಕೆಂದು ತಿಳಿದ ಹತ್ತು ಜನ ಸಿಗುವುದಿಲ್ಲ.

ಆದರೆ ನನ್ನ ಅಳತೆಗೋಲನ್ನು ಇಲ್ಲಿಗೆ ತಂದರೆ ಒಂದು ಕೊರತೆ ಕಾಣುತ್ತದೆ. ಚಿತ್ರ ಮುಗಿಯಲು ಬರೆಯುವವರು, ನಿರ್ದೇಶಿಸುವವರು, ಸಂಕಲಿಸುವವರು ಬೇಕು. ಎರಡೇ ವಿದ್ಯೆಗಳನ್ನು ಮುಖ್ಯವಾಗಿಟ್ಟುಕೊಂಡ ಕ್ಯಾಂಪಸ್ಸಿನಲ್ಲಿ ಉಳಿದ ಜೊತೆಗಾರರನ್ನು ವಿದ್ಯಾರ್ಥಿಯೇ ಹೊರಗೆ ಹುಡುಕಿಕೊಳ್ಳಬೇಕಾಗುತ್ತದೆ. ಬೆಂಗಳೂರು ಪಕ್ಕದಲ್ಲೇ ಇರುವುದರಿಂದ ಇದು ಅಸಾಧ್ಯವೇನಲ್ಲ. ರಂಗತಂಡಗಳಲ್ಲಿ, ಕಿರುಚಿತ್ರ ಮಾಡುವ ಗೆಳೆಯರ ನಡುವೆ ಅಂಥವರು ಸಿಗುತ್ತಾರೆ. ಆ ಓಡಾಟಕ್ಕೆ ಮನಸ್ಸಿರುವ, ಕೈಕೆಲಸದಲ್ಲಿ ಆಸಕ್ತಿಯಿರುವ ವಿದ್ಯಾರ್ಥಿಗೆ ನಾನು ಹೆಸರಘಟ್ಟವನ್ನು ಧೈರ್ಯವಾಗಿ ಹೇಳುತ್ತೇನೆ. ಸೇರುವ ಮೊದಲು ಒಂದು ಕೆಲಸದ ದಿನ ಹೋಗಿ, ಕಾಯಂ ಬೋಧಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರು ಎಷ್ಟು ಮಂದಿ, ಕಳೆದ ವರ್ಷದ ಕೊನೆಯ ಸೆಮಿಸ್ಟರಿನವರು ಏನು ಚಿತ್ರೀಕರಿಸಿದರು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಯಾವ ಸರ್ಕಾರಿ ಸಂಸ್ಥೆಗೆ ಸೇರುವುದಿದ್ದರೂ ಇದು ಅಗತ್ಯ.

ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಅಂದರೆ ಎಫ್‌ಟಿಐಐ, 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ ಆರಂಭವಾಯಿತು. ಟೆಲಿವಿಷನ್ ವಿಭಾಗ ದೆಹಲಿಯಿಂದ ಅಲ್ಲಿಗೆ ಬಂದು ಸೇರಿದ್ದು 1974ರಲ್ಲಿ. ಕನ್ನಡಕ್ಕೂ ಆ ಆವರಣಕ್ಕೂ ಇರುವ ನಂಟು ಸಣ್ಣದಲ್ಲ. ಗಿರೀಶ ಕಾರ್ನಾಡರು ಅದರ ನಿರ್ದೇಶಕರಾಗಿದ್ದರು, ಯು.ಆರ್. ಅನಂತಮೂರ್ತಿಯವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಮಣಿಪಾಲದಲ್ಲಿ ಫಾರ್ಮಸಿ ಪದವಿ ಪಡೆದ ಗಿರೀಶ ಕಾಸರವಳ್ಳಿಯವರು 1975ರಲ್ಲಿ ಅಲ್ಲಿಂದ ಹೊರಬಂದರು, ಮತ್ತು ಅವರು ನಿರ್ದೇಶಿಸಿದ ಮೊದಲ ಕಥಾಚಿತ್ರವೇ 1977ನೇ ಸಾಲಿನ ಸ್ವರ್ಣಕಮಲ ಪಡೆಯಿತು.

ನಿರ್ದೇಶನ ಮತ್ತು ಚಿತ್ರಕಥೆ, ಛಾಯಾಗ್ರಹಣ, ಸಂಕಲನ, ಧ್ವನಿ, ಕಲಾ ನಿರ್ದೇಶನ — ಚಲನಚಿತ್ರ ವಿಭಾಗದ ಈ ಕೋರ್ಸ್‌ಗಳಿಗೆ ಮೂರು ವರ್ಷ; ಪದವಿ ಮುಗಿಸಿದವರಿಗೆ ಮಾತ್ರ ಪ್ರವೇಶ. ಒಂದೊಂದಕ್ಕೂ ಸೀಟುಗಳು ಬಲು ಕಡಿಮೆ, ಸಾಮಾನ್ಯವಾಗಿ ಹತ್ತು ಹನ್ನೆರಡರ ಆಸುಪಾಸು. ಸಂಸ್ಥೆಯ ಗಟ್ಟಿತನವಿರುವುದು ಈ ಸಣ್ಣ ಸಂಖ್ಯೆಯಲ್ಲಿಯೇ. ನಿರ್ದೇಶನದವರೊಬ್ಬರು, ಕ್ಯಾಮೆರಾದವರೊಬ್ಬರು, ಸಂಕಲನದವರೊಬ್ಬರು, ಧ್ವನಿಯವರೊಬ್ಬರು ಸೇರಿ ಒಂದು ತಂಡವಾಗಿ, ದೃಶ್ಯದ ನಿರಂತರತೆಯನ್ನು ಕಲಿಯುವ ಅಭ್ಯಾಸದಿಂದ ಹಿಡಿದು ಸಂಭಾಷಣೆಯ ಅಭ್ಯಾಸ, ಹಾಡಿನ ಅಭ್ಯಾಸ, ಕೊನೆಗೆ ಡಿಪ್ಲೊಮಾ ಚಿತ್ರದವರೆಗೆ ಒಂದರ ಮೇಲೊಂದು ಚಿತ್ರ ಮಾಡುತ್ತ ಹೋಗುತ್ತಾರೆ. ಇಲ್ಲಿ ಸಂಕಲನ ಕಲಿಯುವವರು ನಿರ್ದೇಶನದ ವಿದ್ಯಾರ್ಥಿಯ ಆಜ್ಞಾಧಾರಕರಾಗಿರುವುದಿಲ್ಲ. ಅದು ಅವರ ಅಭ್ಯಾಸವೂ ಹೌದು, ಅದರ ಮೇಲೆ ಅವರಿಗೂ ಅಂಕ ಬೀಳುತ್ತದೆ. ಜಗಳಗಳೂ ಆಗುತ್ತವೆ. ಆ ಜಗಳಗಳಿಂದ ಕಲಿತು ಬಂದವರನ್ನು ಕೆಲಸದ ಕೋಣೆಯಲ್ಲಿ ಬೇಗ ಗುರುತಿಸಬಹುದು: ಒಂದು ಶಾಟ್ ಬೇಡವೆಂದರೆ ಏಕೆ ಬೇಡವೆಂದು ಅವರು ಕಾರಣ ಕೊಡುತ್ತಾರೆ.

ಒಂದು ವರ್ಷದ ಟೆಲಿವಿಷನ್ ಕೋರ್ಸ್‌ಗಳನ್ನು ಅನೇಕ ಅಭ್ಯರ್ಥಿಗಳು ಸಿನಿಮಾ ಸೀಟು ಸಿಗದವರ ಸಮಾಧಾನದ ಬಹುಮಾನವೆಂದು ತಿಳಿಯುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೈಸೂರಿನ ವೈದ್ಯಕೀಯ ಪದವೀಧರ ಚಿದಾನಂದ ಎಸ್. ನಾಯ್ಕ್ ಅವರ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದಲ್ಲಿ, ಅಂದರೆ ಜಗತ್ತಿನ ಚಲನಚಿತ್ರ ಶಾಲೆಗಳ ವಿದ್ಯಾರ್ಥಿಗಳೊಂದಿಗೆ ಸ್ಪರ್ಧಿಸಿ, ಪ್ರಥಮ ಬಹುಮಾನ ಪಡೆಯಿತು. ಅದು ಈ ಒಂದು ವರ್ಷದ ಟೆಲಿವಿಷನ್ ನಿರ್ದೇಶನದ ಕೋರ್ಸಿನ ವರ್ಷಾಂತ್ಯದ ಅಭ್ಯಾಸವಾಗಿತ್ತು. ಕೋಳಿ ಕದ್ದು ಊರಿಗೇ ಬೆಳಕಾಗದಂತೆ ಮಾಡುವ ಅಜ್ಜಿಯ ಜನಪದ ಕಥೆಯನ್ನು, ಪುಣೆಯಲ್ಲಿ ಓದುತ್ತಿದ್ದರೂ ಕನ್ನಡದಲ್ಲೇ, ಹದಿನಾರು ನಿಮಿಷಗಳಲ್ಲಿ ಅವರು ಹೇಳಿದರು. ಕೋರ್ಸಿನ ಅವಧಿ ಮತ್ತು ಹೆಸರನ್ನು ನೋಡಿ ಅದರ ಬೆಲೆ ಕಟ್ಟುವವರು ಈ ಉದಾಹರಣೆಯನ್ನು ಗಮನಿಸಬೇಕು. ಬಿಗಿಯಾದ ನಿಯಮಗಳೊಳಗೆ ಒಂದು ಚಿತ್ರವನ್ನು ನಿಜವಾಗಿ ಮುಗಿಸುವ ಒಂದು ವರ್ಷ, ಏನನ್ನೂ ಮುಗಿಸದ ಮೂರು ವರ್ಷಗಳಿಗಿಂತ ಮೇಲು.

ಕಾಸರವಳ್ಳಿಯವರು ಫಾರ್ಮಸಿಯಿಂದ, ನಾಯ್ಕ್ ಅವರು ವೈದ್ಯಕೀಯದಿಂದ ಬಂದದ್ದು ಕೇವಲ ಕಾಕತಾಳೀಯವೆಂದು ನನಗನಿಸುವುದಿಲ್ಲ. ಪದವಿಯ ನಂತರವೇ ಪ್ರವೇಶ ಎಂಬ ನಿಯಮದಿಂದಾಗಿ ಪುಣೆಗೆ ಹೋಗುವವರು ಬೇರೊಂದು ವಿದ್ಯೆಯನ್ನೂ ಮೂರು ನಾಲ್ಕು ವರ್ಷಗಳ ಬದುಕನ್ನೂ ಜೊತೆಗೆ ಒಯ್ದಿರುತ್ತಾರೆ. ಹದಿನೆಂಟನೆಯ ವಯಸ್ಸಿನಲ್ಲಿ ಸಿನಿಮಾ ಕೋರ್ಸಿಗೆ ಸೇರಿಸಲೇಬೇಕೆಂದು ಹಟ ಹಿಡಿದ ಮಕ್ಕಳಿಗೆ ತಂದೆತಾಯಿಯರು ಹೇಳಬಹುದಾದ ಮಾತು ಇದು: ಸಿನಿಮಾ ಬೇಡವೇ ಬೇಡವೆಂದು ನಾವು ಹೇಳುತ್ತಿಲ್ಲ, ಒಂದು ಪದವಿ ಮುಗಿಸಿಕೊಂಡು ಹೋದರೆ ಸಿಗುವ ಬಾಗಿಲು ಇನ್ನೂ ದೊಡ್ಡದು. ಆ ಪದವಿ ಇತಿಹಾಸವಾಗಿರಬಹುದು, ಭೌತಶಾಸ್ತ್ರವಾಗಿರಬಹುದು, ಕನ್ನಡ ಸಾಹಿತ್ಯವೂ ಆಗಿರಬಹುದು.

ಪುಣೆಯ ಸಂಸ್ಥೆಯ ದೋಷಗಳನ್ನೂ ಹೇಳಲೇಬೇಕು. ಮೂರು ವರ್ಷಗಳ ಕೋರ್ಸು ಮೂರು ವರ್ಷಗಳಲ್ಲಿ ಮುಗಿಯುತ್ತದೆಂಬ ಖಾತ್ರಿ ಬಹಳ ಕಾಲ ಇರಲಿಲ್ಲ. 2008ರಲ್ಲಿ ಸೇರಿದ ತಂಡದವರ ಡಿಪ್ಲೊಮಾ ಚಿತ್ರಗಳು 2015ರಲ್ಲೂ ಪೂರ್ಣಗೊಂಡಿರಲಿಲ್ಲ. ಅದೇ ವರ್ಷ ಅಧ್ಯಕ್ಷರ ನೇಮಕವನ್ನು ವಿರೋಧಿಸಿ ವಿದ್ಯಾರ್ಥಿಗಳು ನಡೆಸಿದ ಮುಷ್ಕರ 139 ದಿನ ನಡೆಯಿತು. ಶುಲ್ಕ ವರ್ಷ ವರ್ಷವೂ ಏರುತ್ತ ಬಂದಿದ್ದು, ಈಗ ವಾರ್ಷಿಕ ಶುಲ್ಕವೇ ಲಕ್ಷ ದಾಟಿದೆ. ಖಾಸಗಿ ಸಂಸ್ಥೆಗಳಿಗೆ ಹೋಲಿಸಿದರೆ ಇದು ಇನ್ನೂ ಕಡಿಮೆಯೇ, ಆದರೆ ಸರ್ಕಾರಿ ಸಂಸ್ಥೆಯೆಂದರೆ ಖರ್ಚೇ ಇಲ್ಲವೆಂಬ ನಂಬಿಕೆಯಲ್ಲಿ ಹೊರಡುವುದು ಬೇಡ. ಹಾಸ್ಟೆಲ್, ಊಟ, ಅಭ್ಯಾಸ ಚಿತ್ರಕ್ಕೆ ಕೈಯಿಂದ ಹಾಕುವ ಚಿಲ್ಲರೆ ಹಣ ಎಲ್ಲವನ್ನೂ ಲೆಕ್ಕ ಹಿಡಿಯಬೇಕು. ಪಾಠ ಇಂಗ್ಲಿಷಿನಲ್ಲಿ, ಹಾಸ್ಟೆಲ್ಲಿನ ಹರಟೆ ಹಿಂದಿಯಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲ ಕೆಲವು ತಿಂಗಳು ಕಷ್ಟವಾಗುತ್ತದೆ. ಚಿತ್ರ ಯಾವ ಭಾಷೆಯಲ್ಲಿ ಮಾಡಿದರೂ ಅಲ್ಲಿ ಅಡ್ಡಿಯಿಲ್ಲ ಎಂಬುದು ಸಮಾಧಾನದ ಮಾತು.

ಬಣ್ಣಗುರುಡು ಇರುವವರು ತಿಳಿದುಕೊಳ್ಳಬೇಕಾದ ಸಂಗತಿಯೊಂದಿದೆ. ಹಿಂದೆ ಈ ಸಂಸ್ಥೆಯ ಹಲವು ಕೋರ್ಸ್‌ಗಳಿಗೆ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಸಂಕಲನಕ್ಕೆ ಆಯ್ಕೆಯಾಗಿದ್ದ ಅಭ್ಯರ್ಥಿಯೊಬ್ಬರನ್ನು ಇದೇ ಕಾರಣಕ್ಕೆ ಕೈಬಿಟ್ಟ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಎಲ್ಲ ಕೋರ್ಸ್‌ಗಳನ್ನೂ ಅವರಿಗೆ ತೆರೆಯಬೇಕೆಂದು ಹೇಳಿತು. ಸಂಕಲನವು ಮೂಲತಃ ಲಯ ಮತ್ತು ಅರ್ಥದ ಕೆಲಸ, ಬಣ್ಣ ತಿದ್ದುವುದಕ್ಕೆ ಬೇರೆಯೇ ತಜ್ಞರಿರುತ್ತಾರೆ. ಹಾಗಾಗಿ ಈ ತೀರ್ಪು ನನಗೆ ಅತ್ಯಂತ ಸಹಜವೆನಿಸಿತು.

ಕೋಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆ 1995ರಲ್ಲಿ ಸ್ಥಾಪನೆಯಾದದ್ದು. ಪುಣೆಯ ಮಾದರಿಯಲ್ಲೇ ನಡೆಯುತ್ತದೆ. ಪುಣೆಯಲ್ಲಿಲ್ಲದ ಎರಡು ವಿಷಯಗಳಿಗೆ ಅಲ್ಲಿ ಮೂರು ವರ್ಷದ ಪ್ರತ್ಯೇಕ ಕೋರ್ಸ್ ಇದೆ: ಒಂದು ಅನಿಮೇಶನ್, ಇನ್ನೊಂದು ಚಿತ್ರ ನಿರ್ಮಾಣ, ಅಂದರೆ ಪ್ರೊಡ್ಯೂಸರ್ ಆಗುವವರ ವಿದ್ಯೆ. ನಮ್ಮಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು ಎಂಬ ಭಾವನೆಯೇ ಇನ್ನೂ ಬೇರೂರಿರುವುದರಿಂದ ಈ ಎರಡನೆಯ ಕೋರ್ಸಿಗೆ ಕನ್ನಡದ ಹುಡುಗ ಹುಡುಗಿಯರು ಹೋಗಬೇಕೆಂಬುದು ನನ್ನ ಆಸೆ. ಬಜೆಟ್ಟು, ಒಪ್ಪಂದ, ಹಕ್ಕುಗಳ ಮಾರಾಟ ಇವನ್ನು ಬಲ್ಲವರು ಗಾಂಧಿನಗರಕ್ಕೆ ಇಂದು ಬೇಕಾಗಿದ್ದಾರೆ. ಈ ಎರಡೂ ಕೇಂದ್ರ ಸಂಸ್ಥೆಗಳಿಗೆ 2025ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನಮಾನ ಸಿಕ್ಕಿದೆ.

ಪಿಯುಸಿ ಮುಗಿದ ಕೂಡಲೇ ಸೇರಬೇಕೆನ್ನುವವರಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಎನ್‌ಐಡಿ, ಯೋಚಿಸತಕ್ಕದ್ದು. ಅಲ್ಲಿ ನಾಲ್ಕು ವರ್ಷಗಳ ವಿನ್ಯಾಸ ಪದವಿಯೊಳಗೆ ಫಿಲ್ಮ್ ಅಂಡ್ ವಿಡಿಯೊ ಕಮ್ಯುನಿಕೇಶನ್ ಎಂಬ ಶಾಖೆಯಿದೆ. ಪಿಯುಸಿಯಲ್ಲಿ ಯಾವ ವಿಷಯ ಓದಿದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ಮೊದಲ ವರ್ಷ ಎಲ್ಲ ಶಾಖೆಯವರೂ ಒಟ್ಟಿಗೆ ಚಿತ್ರ ಬಿಡಿಸುತ್ತ, ರೂಪ, ಬಣ್ಣ, ವಸ್ತುಗಳನ್ನು ಅಭ್ಯಾಸ ಮಾಡುತ್ತ ಕಳೆಯುತ್ತಾರೆ. ಕಥಾಚಿತ್ರದ ಸೆಟ್ಟಿನಲ್ಲಿ ನಿಲ್ಲಬೇಕೆಂಬ ಕನಸಿದ್ದವರಿಗೆ ಈ ವಾತಾವರಣ ನಿಧಾನವೆನಿಸಬಹುದು. ಸಾಕ್ಷ್ಯಚಿತ್ರ, ಜಾಹೀರಾತು, ಶೈಕ್ಷಣಿಕ ಚಿತ್ರಗಳತ್ತ ಒಲವಿದ್ದವರಿಗೆ, ಏಕಾಂಗಿಯಾಗಿ ಎಲ್ಲವನ್ನೂ ಮಾಡಬಲ್ಲವರಿಗೆ ಇದು ಒಗ್ಗುತ್ತದೆ. ಶುಲ್ಕ ಮಾತ್ರ ವರ್ಷಕ್ಕೆ ಕೆಲವು ಲಕ್ಷಗಳಲ್ಲಿದೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲೂ ಎನ್‌ಐಡಿ ಕ್ಯಾಂಪಸ್ ಇರುವುದರಿಂದ ಮನೆಯಿಂದಲೇ ಹೋಗಿಬರಬಹುದೆಂದು ಕೆಲವರು ಎಣಿಸುತ್ತಾರೆ. ಈ ಪದವಿ ಇರುವುದು ಅಹಮದಾಬಾದಿನಲ್ಲಿ, ಛಾಯಾಗ್ರಹಣದ ಸ್ನಾತಕೋತ್ತರ ಕೋರ್ಸ್ ಇರುವುದು ಗಾಂಧಿನಗರದಲ್ಲಿ. ಗಾಂಧಿನಗರವೆಂದರೆ ಗುಜರಾತಿನದು, ಮೆಜೆಸ್ಟಿಕ್ ಪಕ್ಕದ್ದಲ್ಲ.

ಛಾಯಾಗ್ರಹಣವನ್ನು, ಅಂದರೆ ಸ್ಥಿರಚಿತ್ರವನ್ನು, ಸಿನಿಮಾ ಕ್ಯಾಮೆರಾದ ಮೊದಲ ಮೆಟ್ಟಿಲೆಂದು ತಿಳಿದು ಸೇರುವವರು ಬಹಳ. ಎರಡಕ್ಕೂ ಬೆಳಕಿನ ವ್ಯಾಕರಣ ಒಂದೇ ಇರಬಹುದು, ಆದರೆ ಕೆಲಸದ ಸ್ವಭಾವ ಬೇರೆ: ಸಿನಿಮಾ ಛಾಯಾಗ್ರಾಹಕರು ಒಂದು ದೊಡ್ಡ ತಂಡದ ಭಾಗ, ಸ್ಥಿರಚಿತ್ರದವರು ಬಹುಮಟ್ಟಿಗೆ ಒಂಟಿ. ಕರ್ನಾಟಕದಲ್ಲಿ ಇದಕ್ಕೆ ನಾನು ಮೊದಲು ಹೇಳುವ ಹೆಸರು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾ. ಚಿತ್ರಕಲೆ, ಶಿಲ್ಪಕಲೆಗಳ ಜೊತೆಯಲ್ಲೇ ಅಲ್ಲಿ ಛಾಯಾಗ್ರಹಣ ಮತ್ತು ಫೋಟೊ ಪತ್ರಿಕೋದ್ಯಮ ಒಂದು ವಿಭಾಗವಾಗಿದೆ. ಪಕ್ಕದ ಕೋಣೆಯಲ್ಲಿ ಯಾರೋ ಮಣ್ಣಿನಲ್ಲಿ ಮುಖ ತಿದ್ದುತ್ತಿರುವಾಗ, ಇನ್ನೊಬ್ಬರು ಮುದ್ರಣದ ಫಲಕ ಕೊರೆಯುತ್ತಿರುವಾಗ ಕ್ಯಾಮೆರಾ ಹಿಡಿಯಲು ಕಲಿಯುವುದರಿಂದ ಆಗುವ ಲಾಭ ಬರೀ ಸ್ಟುಡಿಯೊದಲ್ಲಿ ಕಲಿತವರಿಗೆ ಸಿಗದು. ಟಿ.ಎಸ್. ಸತ್ಯನ್ ಅವರಂಥ ಪತ್ರಿಕಾ ಛಾಯಾಗ್ರಾಹಕರನ್ನು ಕೊಟ್ಟ ಊರು ಅದು ಎಂಬುದನ್ನೂ ಮರೆಯಬಾರದು, ಆದರೂ ಸತ್ಯನ್ ಯಾವ ಛಾಯಾಗ್ರಹಣ ಕಾಲೇಜಿನಲ್ಲೂ ಕಲಿತವರಲ್ಲ.

ಜಾಹೀರಾತು, ಫ್ಯಾಷನ್, ಉತ್ಪನ್ನಗಳ ಛಾಯಾಗ್ರಹಣವನ್ನು ವೃತ್ತಿಯಾಗಿ ಹಿಡಿಯಲು ಬಯಸುವವರು ಊಟಿಯ ಲೈಟ್ ಅಂಡ್ ಲೈಫ್ ಅಕಾಡೆಮಿಯನ್ನು ವಿಚಾರಿಸುತ್ತಾರೆ. 2001ರಲ್ಲಿ ಆರಂಭವಾದ ಖಾಸಗಿ ಸಂಸ್ಥೆಯಿದು. ಸ್ಟುಡಿಯೊ ಲೈಟಿಂಗ್‌ಗೆ ಒಳ್ಳೆಯ ಹೆಸರಿದೆ, ಖರ್ಚೂ ಅದಕ್ಕೆ ತಕ್ಕಂತಿದೆ. ದೆಹಲಿಯ ಜಾಮಿಯಾ ಮಿಲ್ಲಿಯಾದ ಸಮೂಹ ಸಂವಹನ ಕೇಂದ್ರದಲ್ಲಿ ಸ್ಥಿರಛಾಯಾಗ್ರಹಣಕ್ಕೆ ಒಂದು ಸ್ನಾತಕೋತ್ತರ ಡಿಪ್ಲೊಮಾ ಇದೆ, ಪತ್ರಿಕೋದ್ಯಮದ ಕಡೆ ಒಲವಿರುವವರಿಗೆ ಅದು ಸೂಕ್ತ. ಮದುವೆ ಛಾಯಾಗ್ರಹಣವೇ ಗುರಿಯಾಗಿದ್ದರೆ ಇವು ಯಾವುವೂ ಬೇಡ. ಊರಿನ ಒಳ್ಳೆಯ ಸ್ಟುಡಿಯೊದವರ ಜೊತೆ ಒಂದು ಲಗ್ನದ ಸೀಸನ್ ಪೂರ್ತಿ ಓಡಾಡಿದರೆ, ಧಾರೆಯ ಗಳಿಗೆಯಲ್ಲಿ ಪುರೋಹಿತರ ಬೆನ್ನು ಅಡ್ಡ ಬಾರದಂತೆ ಎಲ್ಲಿ ನಿಲ್ಲಬೇಕೆಂಬುದರಿಂದ ಹಿಡಿದು ಬಾಕಿ ಹಣ ವಸೂಲಿ ಮಾಡುವವರೆಗೆ ಎಲ್ಲವನ್ನೂ ಕಲಿಯಬಹುದು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಅದು ಮರ್ಯಾದೆಯ ದುಡಿಮೆ, ಅದಕ್ಕೆ ಡಿಗ್ರಿ ಬೇಕಿಲ್ಲ ಅಷ್ಟೇ.

ಇನ್ನು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಹಬ್ಬಿರುವ ಖಾಸಗಿ ಪದವಿ ಕೋರ್ಸ್‌ಗಳು. ಹೆಚ್ಚಿನ ಮಕ್ಕಳು ಸೇರುವುದು ಇಲ್ಲಿಗೇ ಆದ್ದರಿಂದ ಇವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹೆಸರುಗಳು ಬೇರೆ ಬೇರೆ: ಬಿಎ ಪತ್ರಿಕೋದ್ಯಮ, ಬಿಎಸ್ಸಿ ವಿಶುವಲ್ ಕಮ್ಯುನಿಕೇಶನ್, ಯುಜಿಸಿ 2014ರಲ್ಲಿ ತಂದ ಯೋಜನೆಯಡಿ ಬಂದ ಬಿ.ವೋಕ್ ಎಂಬ ವೃತ್ತಿಶಿಕ್ಷಣದ ಪದವಿ. ಇವುಗಳಲ್ಲಿ ಚೆನ್ನಾಗಿ ನಡೆಯುವವೂ ಇವೆ, ಹೆಸರಿಗಷ್ಟೇ ಇರುವವೂ ಇವೆ. ಬೇರ್ಪಡಿಸಿ ನೋಡಲು ಒಂದು ಸರಳ ಲೆಕ್ಕ ಸಾಕು. ತರಗತಿಯಲ್ಲಿ ಅರವತ್ತು ಮಂದಿ ಇದ್ದಾರೆ, ಕೊನೆಯ ವರ್ಷದ ಕಿರುಚಿತ್ರಕ್ಕೆ ಹತ್ತು ಹತ್ತು ಜನರ ಆರು ಗುಂಪು ಮಾಡುತ್ತಾರೆ ಎಂದಿಟ್ಟುಕೊಳ್ಳೋಣ. ಒಂದು ಗುಂಪಿನಲ್ಲಿ ನಿರ್ದೇಶಿಸುವವರು ಒಬ್ಬರು, ಕ್ಯಾಮೆರಾ ಹಿಡಿಯುವವರು ಒಬ್ಬಿಬ್ಬರು, ಸಂಕಲಿಸುವವರು ಒಬ್ಬರು. ಉಳಿದ ಆರೇಳು ಮಂದಿ ನಟಿಸುತ್ತಾರೆ, ತಿಂಡಿ ತರುತ್ತಾರೆ, ಕೊನೆಗೆ ಹೆಸರುಗಳ ಪಟ್ಟಿಯಲ್ಲಿ ಸಹಾಯಕ ನಿರ್ದೇಶಕರೆನಿಸಿಕೊಳ್ಳುತ್ತಾರೆ. ಮೂರು ವರ್ಷ ಶುಲ್ಕ ಕಟ್ಟಿದ ಆ ಆರೇಳು ಮಂದಿಯ ಕೈಯಿಂದ ಒಂದು ಚಿತ್ರವೂ ಮುಗಿದಿರುವುದಿಲ್ಲ. ಇಂಥವರು ಕೆಲಸ ಕೇಳಿಕೊಂಡು ಬಂದಾಗ ತೋರಿಸುವ ಪೆನ್‌ಡ್ರೈವ್‌ನಲ್ಲಿ ಒಂದೇ ಚಿತ್ರವಿರುತ್ತದೆ, ಅದೇ ಚಿತ್ರ ಅವರ ಸಹಪಾಠಿಯ ಪೆನ್‌ಡ್ರೈವ್‌ನಲ್ಲೂ ಇರುತ್ತದೆ.

ಹಾಗಾಗಿ ಕಾಲೇಜು ನೋಡಲು ಹೋದಾಗ ಕೌನ್ಸೆಲರ್ ಕೋಣೆಯಲ್ಲಿ ಕೂತು ಬರುವ ಬದಲು, ಅಂತಿಮ ವರ್ಷದವರು ಮೂರು ನಾಲ್ಕು ಮಂದಿಯನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ: ನೀವು ಸ್ವತಃ ಮಾಡಿದ್ದು ಯಾವುದು, ಅದನ್ನು ಯಾರು ನೋಡಿದರು, ಏನು ಹೇಳಿದರು, ತಿದ್ದಿ ಮತ್ತೆ ತೋರಿಸಿದಿರಾ? ಕ್ಯಾಮೆರಾ ಮನೆಗೆ ಒಯ್ಯಲು ಕೊಡುತ್ತಾರೆಯೇ, ಅಥವಾ ಪ್ರಾಯೋಗಿಕ ಪರೀಕ್ಷೆಯ ದಿನ ಮಾತ್ರ ಕಪಾಟಿನ ಬೀಗ ತೆರೆಯುತ್ತದೆಯೇ? ಪಾಠ ಮಾಡುವವರಲ್ಲಿ ಯಾರಾದರೂ ಈಗಲೂ ಚಿತ್ರಗಳಲ್ಲಿ ದುಡಿಯುತ್ತಿದ್ದಾರೆಯೇ? ಕ್ಯಾಂಪಸ್ ನೇಮಕಾತಿ ನೂರಕ್ಕೆ ನೂರು ಎಂದು ಹೇಳುವವರನ್ನು ನಾನು ನಂಬುವುದಿಲ್ಲ. ಈ ಕ್ಷೇತ್ರದಲ್ಲಿ ನೇಮಕಾತಿ ಎಂಬುದು ಬಹುಪಾಲು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ, ಬಾಯಿಮಾತಿನ ಶಿಫಾರಸಿನ ಮೇಲೆ ನಡೆಯುವಂಥದ್ದು. ಹಾಗೆ ಹೇಳುವವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಸುದ್ದಿ ಚಾನೆಲ್ಲಿನ ಡೆಸ್ಕು, ಸಾಮಾಜಿಕ ಜಾಲತಾಣ ನಿರ್ವಹಿಸುವ ಏಜೆನ್ಸಿಗಳ ಕೆಲಸವನ್ನು.

ದೊಡ್ಡ ಶುಲ್ಕ ಕಟ್ಟುವ ಮೊದಲು ಆಸಕ್ತಿಯನ್ನು ಅಗ್ಗದಲ್ಲಿ ಪರೀಕ್ಷಿಸಿಕೊಳ್ಳುವ ದಾರಿಗಳಿವೆ. ಎಫ್‌ಟಿಐಐ 2017ರಿಂದ ಬೇರೆ ಬೇರೆ ಊರುಗಳಲ್ಲಿ ಕಿರು ಅವಧಿಯ ಕೋರ್ಸ್‌ಗಳನ್ನು ನಡೆಸುತ್ತ ಬಂದಿದೆ. ಚಲನಚಿತ್ರ ರಸಗ್ರಹಣ ಶಿಬಿರಗಳಂತೂ ನಮ್ಮಲ್ಲಿ ಹಳೆಯವು. ಪುಣೆಯಲ್ಲಿ ಈ ವಿಷಯ ಕಲಿಸುತ್ತಿದ್ದ ಸತೀಶ್ ಬಹಾದೂರ್ ಅವರು 1970ರ ದಶಕದ ಕೊನೆಯಲ್ಲೇ ಹೆಗ್ಗೋಡಿನ ನೀನಾಸಮ್‌ಗೆ ಬಂದು ಹಳ್ಳಿಯ ಜನರ ಜೊತೆ ಕೂತು ಜಗತ್ತಿನ ಚಿತ್ರಗಳನ್ನು ನೋಡಿಸಿದ್ದರು. ಬೆಂಗಳೂರಿನ ಸುಚಿತ್ರದಂಥ ಫಿಲ್ಮ್ ಸೊಸೈಟಿಗಳು ಇಂದಿಗೂ ಇವೆ. ಇತರರ ಚಿತ್ರಗಳನ್ನು ತಾಳ್ಮೆಯಿಂದ ನೋಡಿ ಅದರ ಬಗ್ಗೆ ಮಾತಾಡಲು ಮನಸ್ಸಾಗದವರಿಗೆ ಮೂರು ವರ್ಷದ ಕೋರ್ಸ್ ಬಹಳ ಉದ್ದವೆನಿಸುತ್ತದೆ.

ಕೊನೆಯದಾಗಿ ಕಾಗದಪತ್ರದ ಮಾತು. ಖಾಸಗಿ ಅಕಾಡೆಮಿಯೊಂದು ಕೊಡುವ ಡಿಪ್ಲೊಮಾಕ್ಕೆ ಯಾವ ವಿಶ್ವವಿದ್ಯಾಲಯದ ಮಾನ್ಯತೆಯಿದೆ ಎಂದು ಲಿಖಿತವಾಗಿ ಕೇಳಬೇಕು. ಮುಂದೆ ಉಪನ್ಯಾಸಕರಾಗಲು, ವಿದೇಶದಲ್ಲಿ ಓದಲು, ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಇದೇ ಆಧಾರ. ಪುಣೆಯ ಮೂರು ವರ್ಷಗಳ ಡಿಪ್ಲೊಮಾವನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಸ್ನಾತಕೋತ್ತರ ಪದವಿಗೆ ಸಮಾನವೆಂದು ಮಾನ್ಯ ಮಾಡಿದೆ, ಎಲ್ಲ ಡಿಪ್ಲೊಮಾಗಳಿಗೂ ಆ ಭಾಗ್ಯವಿಲ್ಲ. ವಿದ್ಯಾರ್ಥಿ ಚಿತ್ರಗಳ ಹಕ್ಕು ಸಾಮಾನ್ಯವಾಗಿ ಅದಕ್ಕೆ ಹಣ ಹಾಕಿದ ಸಂಸ್ಥೆಯದ್ದೇ ಆಗಿರುತ್ತದೆ ಎಂಬುದೂ ಗೊತ್ತಿರಲಿ: ನೀವು ಬರೆದು ನಿರ್ದೇಶಿಸಿದ ಚಿತ್ರವನ್ನು ಯೂಟ್ಯೂಬಿಗೆ ಹಾಕಲು, ಉತ್ಸವಕ್ಕೆ ಕಳಿಸಲು ಅನುಮತಿ ಪಡೆಯಬೇಕಾಗಬಹುದು. ಖರ್ಚನ್ನು ವಿದ್ಯಾರ್ಥಿಯಿಂದಲೇ ಮಾಡಿಸಿ ಹಕ್ಕನ್ನು ಮಾತ್ರ ತಾನು ಇಟ್ಟುಕೊಳ್ಳುವ ಷರತ್ತು ಪ್ರವೇಶದ ಅರ್ಜಿಯಲ್ಲಿ ಕಂಡರೆ, ಆ ಸಾಲನ್ನು ತೆಗೆಸಿದ ಮೇಲೆಯೇ ಸಹಿ ಹಾಕಿ.